ಹಿಂದಿರುಗಿದವರನ್ನು ಯಾಕೆ ಮರೆಯುತ್ತೇವೆ?

1966ರ ಸೆಪ್ಟೆಂಬರ್ 3ರಂದು ಜಾನ್ ರಿಜ್‌ವೇ ಮತ್ತು ಚೇ ಬ್ಲೈತ್ ಎಂಬ ಇಬ್ಬರು ಬ್ರಿಟಿಷ್ ಸೈನಿಕರು ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳಲ್ಲಿ ದಡ ಹತ್ತಿದರು. ಅಮೆರಿಕದ ಕೇಪ್ ಕಾಡ್‌ನಿಂದ ಹೊರಟು, 92 ದಿನ ಹುಟ್ಟು ಹಾಕುತ್ತ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದಿದ್ದರು. ಅವರದು ಇಪ್ಪತ್ತು ಅಡಿಯ ತೆರೆದ ದೋಣಿ. ಅದೇ ಬೇಸಿಗೆಯಲ್ಲಿ ಡೇವಿಡ್ ಜಾನ್‌ಸ್ಟೋನ್ ಮತ್ತು ಜಾನ್ ಹೋರ್ ಎಂಬ ಇನ್ನಿಬ್ಬರು, ಅದೇ ಸಾಗರವನ್ನು ಹಾಗೆಯೇ ಹುಟ್ಟು ಹಾಕಿ ದಾಟಲು ವರ್ಜೀನಿಯಾದಿಂದ ಹೊರಟಿದ್ದರು. ಅಕ್ಟೋಬರ್‌ನಲ್ಲಿ ಅವರ ‘ಪಫಿನ್’ ದೋಣಿ ಕೆನಡಾ ನೌಕಾಪಡೆಯ ಹಡಗೊಂದಕ್ಕೆ ಮಗುಚಿಕೊಂಡ ಸ್ಥಿತಿಯಲ್ಲಿ ಸಿಕ್ಕಿತು. ಇಬ್ಬರೂ ಇರಲಿಲ್ಲ. ಜಾನ್‌ಸ್ಟೋನ್ ಬರೆಯುತ್ತಿದ್ದ ದಿನಚರಿ ದೋಣಿಯಲ್ಲಿತ್ತು. ಅದರ ಕೊನೆಯ ಬರಹದ ತಾರೀಕೂ ಸೆಪ್ಟೆಂಬರ್ 3.

ರಿಜ್‌ವೇ, ಬ್ಲೈತ್ ಇಬ್ಬರೂ ಪ್ಯಾರಾಚೂಟ್ ದಳದವರು. ಕಡಲಿನ ಕಸುಬು ಅವರದಲ್ಲ. ಅವರ ದೋಣಿಯೂ ಕೊಂಡು ತಂದು ಮಾರ್ಪಡಿಸಿಕೊಂಡದ್ದು. ಪಫಿನ್ ಅನ್ನು ಆ ಯಾನಕ್ಕೆಂದೇ ಕಾಲಿನ್ ಮುಡಿ ಎಂಬ ಹೆಸರಾಂತ ವಿನ್ಯಾಸಕಾರರು ರೂಪಿಸಿದ್ದರು. ಹೊರಡುವ ದಿನ ಯಾರಾದರೂ ಈ ನಾಲ್ವರನ್ನು ಸಾಲಾಗಿ ನಿಲ್ಲಿಸಿ, ಇವರಲ್ಲಿ ವಿವೇಕಿಗಳು ಯಾರು, ದುಡುಕಿದವರು ಯಾರು ಎಂದು ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಿತ್ತು. ತಿಂಗಳುಗಳು ಕಳೆದ ಮೇಲೆ ಉತ್ತರ ಸುಲಭವಾಯಿತು. ದಡ ಮುಟ್ಟಿದವರು ವೀರರಾದರು. ಮುಟ್ಟದವರ ಹೆಸರು ಇವತ್ತು ಹೇಳಿದರೆ ಗುರುತು ಹಿಡಿಯುವವರೂ ಕಡಿಮೆ.

ಏಕಾಂಗಿಯಾಗಿ ಹಾಯಿದೋಣಿಯಲ್ಲಿ ಸಾಗರಕ್ಕೆ ಇಳಿಯುವವರ ಬಗ್ಗೆ ಚರ್ಚೆ ಬಂದಾಗಲೆಲ್ಲ ನನಗೆ ಈ ನಾಲ್ವರ ನೆನಪಾಗುತ್ತದೆ. ಆ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳಿರುತ್ತವೆ. ಇಂಥವರಿಲ್ಲದಿದ್ದರೆ ಮನುಷ್ಯ ದಡದಲ್ಲೇ ಕುಳಿತಿರುತ್ತಿದ್ದ, ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕು ಅನ್ನುತ್ತದೆ ಒಂದು ಪಕ್ಷ. ಇದು ಭಂಡ ಧೈರ್ಯ, ಮನೆಯವರನ್ನು ನಡುನೀರಲ್ಲಿ ಬಿಟ್ಟು ಹೋಗುವ ಸ್ವಾರ್ಥ, ಸಿಕ್ಕಿಹಾಕಿಕೊಂಡರೆ ಬಿಡಿಸಿ ತರಲು ಸರ್ಕಾರದ ದುಡ್ಡು ದಂಡ ಅನ್ನುತ್ತದೆ ಇನ್ನೊಂದು. ಎರಡರಲ್ಲೂ ನಿಜವಿದೆ, ಎರಡೂ ಕಡೆಯವರ ಕಾಳಜಿಯೂ ಪ್ರಾಮಾಣಿಕವಾದದ್ದೇ. ಆದರೆ ಎರಡೂ ಪಕ್ಷಗಳು ತೀರ್ಪು ಕೊಡುವ ಹೊತ್ತು ತಪ್ಪಾದದ್ದು ಎಂಬುದು ನನ್ನ ತಕರಾರು. ನಾವಿಕ ಬಂದರಿನಲ್ಲಿರುವಾಗ ಹಾರ ಹಾಕುತ್ತೇವೆ, ಸಾಗರದ ನಡುವೆ ಒದ್ದಾಡುವಾಗ ಪ್ರಶ್ನೆ ಕೇಳುತ್ತೇವೆ. ನಡೆಯಬೇಕಾದದ್ದು ಇದರ ತಿರುವುಮುರುವು. ಹೊರಡುವ ಮುನ್ನ ಎಷ್ಟು ಕಠಿಣವಾಗಿ ಬೇಕಾದರೂ ಕೇಳೋಣ. ಒಮ್ಮೆ ಆಪತ್ತಿಗೆ ಸಿಕ್ಕ ಮೇಲೆ ಏನನ್ನೂ ಕೇಳದೆ ಕೈ ಚಾಚೋಣ. ಎಲ್ಲಕ್ಕಿಂತ ಹೆಚ್ಚಾಗಿ, ನಡುದಾರಿಯಲ್ಲಿ ಸಾಕೆಂದು ದೋಣಿ ತಿರುಗಿಸಿದವರಿಗೆ ನಾವು ಇದುವರೆಗೆ ಕೊಡದ ಗೌರವವನ್ನು ಕೊಡೋಣ.

ಇದನ್ನು ಒಂದು ನಿಜವಾದ ಪ್ರಸಂಗದ ಮೇಲೆ ಒರೆಗೆ ಹಚ್ಚಬೇಕು. ಅದಕ್ಕೆ 1968ರ ಗೋಲ್ಡನ್ ಗ್ಲೋಬ್ ಸ್ಪರ್ಧೆಗಿಂತ ತಕ್ಕದ್ದು ಇನ್ನೊಂದಿಲ್ಲ.

ಅದರ ಹಿಂದಿನ ವರ್ಷ ಫ್ರಾನ್ಸಿಸ್ ಚಿಚೆಸ್ಟರ್ ಸಿಡ್ನಿಯಲ್ಲಿ ಒಮ್ಮೆ ಮಾತ್ರ ನಿಂತು ಒಬ್ಬರೇ ಭೂಮಿಯನ್ನು ಸುತ್ತಿ ಬಂದಿದ್ದರು. ಇಂಗ್ಲೆಂಡಿನ ರಾಣಿ ಅವರಿಗೆ ‘ಸರ್’ ಪದವಿ ಕೊಟ್ಟರು, ಜನ ಹುಚ್ಚೆದ್ದು ಸ್ವಾಗತಿಸಿದರು. ಇನ್ನು ಉಳಿದದ್ದು ಎಲ್ಲಿಯೂ ನಿಲ್ಲದೆ ಸುತ್ತುವುದು. ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಇದನ್ನೇ ಸ್ಪರ್ಧೆಯಾಗಿ ಸಾರಿತು. 1968ರ ಜೂನ್ 1ರಿಂದ ಅಕ್ಟೋಬರ್ 31ರ ಒಳಗೆ ಯಾರು ಹೊರಟರೂ ಸ್ಪರ್ಧಿಗಳೇ. ಮೊದಲು ಬಂದವರಿಗೆ ಗೋಲ್ಡನ್ ಗ್ಲೋಬ್ ಟ್ರೋಫಿ, ಅತಿ ಕಡಿಮೆ ಅವಧಿಯಲ್ಲಿ ಬಂದವರಿಗೆ 5,000 ಪೌಂಡ್. ನಾವಿಕನಿಗೆ ಅನುಭವ ಇದೆಯೇ, ದೋಣಿ ತಾಳಿಕೊಳ್ಳುತ್ತದೆಯೇ ಎಂದು ಪರೀಕ್ಷಿಸುವ ನಿಯಮವೇ ಇರಲಿಲ್ಲ. ಕೊನೆಯ ಗಡುವು ಮಾತ್ರ ಕಟ್ಟುನಿಟ್ಟಾಗಿತ್ತು. ಹೊರಟವರು ಒಂಬತ್ತು ಜನ.

ಅವರಲ್ಲೊಬ್ಬರು ಡೊನಾಲ್ಡ್ ಕ್ರೌಹರ್ಸ್ಟ್. ನಾವಿಕರಿಗೆ ದಿಕ್ಕು ತಿಳಿಸುವ ಉಪಕರಣ ತಯಾರಿಸುವ ಸಣ್ಣ ಎಲೆಕ್ಟ್ರಾನಿಕ್ಸ್ ಉದ್ಯಮಿ, ನಾಲ್ಕು ಮಕ್ಕಳ ತಂದೆ, ವಾರಾಂತ್ಯಗಳಲ್ಲಿ ಹಾಯಿ ಬಿಚ್ಚುತ್ತಿದ್ದ ಹವ್ಯಾಸಿ. ವ್ಯಾಪಾರ ಕುಸಿಯುತ್ತಿತ್ತು. ಸ್ಟ್ಯಾನ್ಲಿ ಬೆಸ್ಟ್ ಎಂಬ ಉದ್ಯಮಿ ದೋಣಿಗೆ ಹಣ ಹಾಕಿದರು. ಆದರೆ ಯಾನ ಮುಗಿಯದಿದ್ದರೆ ಆ ದೋಣಿಯನ್ನು ಕ್ರೌಹರ್ಸ್ಟ್ ಅವರ ಕಂಪನಿಯೇ ಕೊಳ್ಳಬೇಕೆಂಬ ಕರಾರು ಆಯಿತು. ಮನೆಯ ಮೇಲೂ ಸಾಲ ಎತ್ತಿಯಾಗಿತ್ತು. ಅಂದರೆ ಅರ್ಧ ದಾರಿಯಲ್ಲಿ ಹಿಂದಿರುಗಿದರೆ ದಿವಾಳಿ, ಹೊರಡದೇ ಉಳಿದರೂ ದಿವಾಳಿ.

ಅಕ್ಟೋಬರ್ 31, ಗಡುವಿನ ಕೊನೆಯ ದಿನ. ಇಂಗ್ಲೆಂಡಿನ ಟೈನ್‌ಮತ್ ಬಂದರಿನಿಂದ ಮೂರು ಒಡಲುಗಳ ‘ಟೈನ್‌ಮತ್ ಎಲೆಕ್ಟ್ರಾನ್’ ಹೊರಟಿತು. ಹೊರಟ ಸ್ವಲ್ಪ ಹೊತ್ತಿಗೇ ಹಾಯಿ ಏರಿಸುವ ಹಗ್ಗಗಳು ಬೇರೊಂದರ ಜೊತೆ ಸೇರಿ ಬಿಗಿದುಕೊಂಡಿರುವುದು ಗೊತ್ತಾಗಿ, ದೋಣಿಯನ್ನು ಮತ್ತೆ ಎಳೆದು ತರಬೇಕಾಯಿತು. ಅವಸರವಸರವಾಗಿ ಹಗ್ಗ ಬಿಡಿಸಿ, ಸಂಜೆಯ ಹೊತ್ತಿಗೆ ಎರಡನೆಯ ಬಾರಿ ಕಳಿಸಿಕೊಟ್ಟರು. ರಿಪೇರಿಗೆ ಬೇಕಾಗುವ ಬಿಡಿಭಾಗಗಳ ರಾಶಿ ದಡದಲ್ಲೇ ಉಳಿದುಹೋಯಿತು. ದೋಣಿಗೆ ನುಗ್ಗಿದ ನೀರನ್ನು ಎತ್ತಿಹಾಕುವ ಪಂಪಿಗೆ ಬೇಕಾದ ಕೊಳವೆ ಒಳಗೆ ಇರಲೇ ಇಲ್ಲ. ಹಿಂದಿನ ರಾತ್ರಿ ಕ್ರೌಹರ್ಸ್ಟ್ ಹೆಂಡತಿಯ ಮುಂದೆ, ದೋಣಿ ಸರಿಯಾಗಿಲ್ಲ ಎಂದು ಹೇಳಿ ಬಹಳ ಹೊತ್ತು ಅತ್ತಿದ್ದರು. ಆ ರಾತ್ರಿ ಅವರು ಕೇಳುತ್ತಿದ್ದದ್ದು ಹೋಗಬೇಡಿ ಎಂಬ ಮಾತನ್ನೇ ಇರಬೇಕು, ತನಗೆ ಆಗ ಅದು ತಿಳಿಯಲಿಲ್ಲ ಎಂದು ಪತ್ನಿ ಕ್ಲೇರ್ ನಂತರದ ವರ್ಷಗಳಲ್ಲಿ ನೊಂದುಕೊಂಡರು.

ಎರಡು ವಾರ ಕಳೆಯುವಷ್ಟರಲ್ಲಿ ದೋಣಿಯೊಳಗೆ ನೀರು ಸೋರತೊಡಗಿತ್ತು, ವಿದ್ಯುತ್ ಜನರೇಟರ್ ನೆನೆದುಹೋಗಿತ್ತು. ದಕ್ಷಿಣ ಮಹಾಸಾಗರಕ್ಕೆ ಇಳಿದರೆ ಬದುಕುಳಿಯುವ ಸಾಧ್ಯತೆ ಅರ್ಧಕ್ಕರ್ಧ ಎಂದು ಕ್ರೌಹರ್ಸ್ಟ್ ತಾವೇ ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ. ಇದು ಮೈಮರೆತ ಮನುಷ್ಯನ ಬರಹವಲ್ಲ, ಪರಿಸ್ಥಿತಿಯನ್ನು ಚೆನ್ನಾಗಿ ಅರಿತವರ ಬರಹ. ಅವರು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಭೂಮಿಯನ್ನು ಸುತ್ತುತ್ತಿದ್ದೇನೆಂದು ರೇಡಿಯೊದಲ್ಲಿ ಸುಳ್ಳು ಸುದ್ದಿ ಕಳಿಸತೊಡಗಿದರು. ಅತ್ತ ಪತ್ರಿಕೆಗಳಲ್ಲಿ ದಾಖಲೆ ವೇಗದ ಸುದ್ದಿಗಳು ಬಂದವು. ಅದನ್ನು ನಂಬಿದ ನೈಜೆಲ್ ಟೆಟ್ಲಿ ಎಂಬ ಇನ್ನೊಬ್ಬ ಸ್ಪರ್ಧಿ, ಕ್ರೌಹರ್ಸ್ಟ್ ಹಿಂದೆ ಬಿದ್ದಿದ್ದಾರೆ ಎಂಬ ಆತಂಕದಲ್ಲಿ ಜೀರ್ಣವಾಗಿದ್ದ ತಮ್ಮ ದೋಣಿಯನ್ನು ಮಿತಿ ಮೀರಿ ಓಡಿಸಿದರು. ಇಂಗ್ಲೆಂಡ್ ಹೆಚ್ಚು ದೂರವಿಲ್ಲದಾಗ, ಅಜೋರ್ಸ್ ದ್ವೀಪಗಳ ಬಳಿ ಅದು ಮುಳುಗಿತು. ಟೆಟ್ಲಿ ಜೀವ ಉಳಿಸಿಕೊಂಡರು. ಇನ್ನು ವೇಗದ ಬಹುಮಾನವನ್ನು ಕ್ರೌಹರ್ಸ್ಟ್ ಗೆದ್ದೇ ಬಿಡುತ್ತಾರೆ, ಗೆದ್ದರೆ ದಿನಚರಿಯ ಪುಸ್ತಕಗಳನ್ನು ತಜ್ಞರು ನೋಡುತ್ತಾರೆ. 1969ರ ಜುಲೈ 10ರಂದು ಅಂಚೆ ಹಡಗೊಂದಕ್ಕೆ ಅವರ ದೋಣಿ ಸಿಕ್ಕಿತು. ಒಳಗೆ ಯಾರೂ ಇರಲಿಲ್ಲ.

ಈ ಕಥೆಯನ್ನು ಪುಸ್ತಕಗಳೂ ಚಲನಚಿತ್ರಗಳೂ ಮತ್ತೆ ಮತ್ತೆ ಹೇಳಿವೆ. ಹೆಚ್ಚಿನವುಗಳಲ್ಲಿ ಕ್ರೌಹರ್ಸ್ಟ್ ಮಹತ್ವಾಕಾಂಕ್ಷೆಗೆ ಬಲಿಯಾದ ದುರಂತ ನಾಯಕ. ಟೀಕಿಸುವವರಿಗೆ ಅವರು ಮೋಸಗಾರ. ನನಗೆ ಈ ಎರಡಕ್ಕಿಂತ ಮುಖ್ಯವಾಗಿ ಕಾಣುವುದು ಅಕ್ಟೋಬರ್ 31ರ ಆ ಸಂಜೆ. ಬಂದರಿನಲ್ಲಿ ಪ್ರಚಾರಕರಿದ್ದರು, ಪತ್ರಕರ್ತರಿದ್ದರು, ದೋಣಿ ಕಟ್ಟಿದವರಿದ್ದರು. ದೋಣಿ ಸಿದ್ಧವಾಗಿಲ್ಲವೆಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಮೊದಲ ಸಲ ಹೊರಟದ್ದು ಹಗ್ಗ ಸಿಕ್ಕಿಕೊಂಡು ವಾಪಸು ಬಂದಾಗಲಾದರೂ ಯಾರಾದರೊಬ್ಬರು, ಇಷ್ಟಕ್ಕೆ ನಿಲ್ಲಿಸೋಣ ಅನ್ನಬಹುದಿತ್ತು. ಯಾರೂ ಅನ್ನಲಿಲ್ಲ. ದುಡುಕು ಒಬ್ಬರೊಳಗೆ ಹುಟ್ಟಿದ್ದು ನಿಜ, ಅದಕ್ಕೆ ನೀರೆರೆದವರು ಮಾತ್ರ ದಡದಲ್ಲಿದ್ದ ಹಲವರು. ಅನುಭವ ಕೇಳದೆ ಗಡುವು ಮಾತ್ರ ಇಟ್ಟ ಪತ್ರಿಕೆ, ಸೋತರೆ ದೋಣಿ ಕೊಳ್ಳಬೇಕೆಂದ ಕರಾರು, ಬಂದ ಒಂದೊಂದು ಸುದ್ದಿಗೂ ರೆಕ್ಕೆ ಕಟ್ಟಿದ ಪ್ರಚಾರ — ಟೀಕೆಯ ದೊಡ್ಡ ಪಾಲು ಇಲ್ಲಿಗೆ ಸಲ್ಲಬೇಕು.

ಅದೇ ಸ್ಪರ್ಧೆಯಲ್ಲಿ ಐವರು ನಡುದಾರಿಯಲ್ಲಿ ನಿಂತರು. ಹುಟ್ಟು ಹಾಕಿ ಅಟ್ಲಾಂಟಿಕ್ ದಾಟಿದ್ದ ಅದೇ ರಿಜ್‌ವೇ ಬ್ರೆಜಿಲ್ಲಿನ ರೆಸಿಫೆಯಲ್ಲಿ ನಿಂತರು. ಹಾಯಿದೋಣಿ ನಡೆಸುವುದನ್ನೇ ಕಲಿತಿರದೆ ಹೊರಟಿದ್ದ ಬ್ಲೈತ್ ದಕ್ಷಿಣ ಆಫ್ರಿಕಾ ತಲುಪಿ, ಈ ದೋಣಿ ಮುಂದಿನ ಸಾಗರಕ್ಕೆ ತಕ್ಕದ್ದಲ್ಲವೆಂದು ಬಿಟ್ಟರು. ಬಿಲ್ ಕಿಂಗ್ ದೋಣಿ ಮಗುಚಿ ಹಾಯಿಕಂಬ ಮುರಿದ ಮೇಲೆ ಕೇಪ್‌ಟೌನಿಗೆ ಹೊರಳಿದರು. ಲೊಯಿಕ್ ಫುಜೆರೋನ್ ಬಿರುಗಾಳಿಗೆ ಸಿಕ್ಕ ನಂತರ ಸೇಂಟ್ ಹೆಲೆನಾ ದ್ವೀಪದಲ್ಲಿ ನಿಂತರು. ಅಲೆಕ್ಸ್ ಕರೋಜೊ ಹೊಟ್ಟೆಯ ಹುಣ್ಣು ಒಡೆದು ಪೋರ್ಚುಗಲ್‌ನಲ್ಲಿ ಇಳಿದರು. ಐವರೂ ಜೀವಂತ ಮನೆಗೆ ಬಂದರು. ಸ್ಪರ್ಧೆಯ ಕಥೆಯಲ್ಲಿ ಇವರಿಗೆ ಸಿಗುವುದು ಒಂದೆರಡು ಸಾಲು. ಗೆದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಬಗ್ಗೆ ಎಲ್ಲರಿಗೂ ಗೊತ್ತು: ನಮ್ಮ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ‘ಸುಹೈಲಿ’ಯಲ್ಲಿ ಹತ್ತು ತಿಂಗಳಿಗೂ ಮಿಕ್ಕಿ ಸಾಗಿ 1969ರ ಏಪ್ರಿಲ್ 22ರಂದು ದಡ ಸೇರಿದರು. ತಮಗೆ ಬಂದ 5,000 ಪೌಂಡುಗಳನ್ನು ಕ್ರೌಹರ್ಸ್ಟ್ ಕುಟುಂಬಕ್ಕೆ ಕೊಟ್ಟುಬಿಟ್ಟರು. ಆ ಗೌರವ ಅವರಿಗೆ ಸಂದಾಯವಾಗಲೇಬೇಕು. ಗೆಲುವಿನ ಹಾದಿಯಲ್ಲಿದ್ದೂ ಸ್ಪರ್ಧೆಗೆ ಬೆನ್ನು ತಿರುಗಿಸಿ ತಹೀಟಿಗೆ ಹೋದ ಬರ್ನಾರ್ಡ್ ಮ್ವಾಟೆಸ್ಸಿಯೇ ಅವರನ್ನು ಋಷಿಯಂತೆ ಕಾಣುವವರಿದ್ದಾರೆ. ಫ್ರಾನ್ಸಿನಲ್ಲಿ ಕಾದಿದ್ದ ಹೆಂಡತಿಯ ಕಡೆಯಿಂದ ನೋಡಿದರೆ ಆ ಕಥೆಯೂ ಬೇರೆ.

ನಾನು ಹೇಳಬೇಕೆಂದಿರುವುದು ಬ್ಲೈತ್ ಬಗ್ಗೆ. ಸಾಕೆಂದು ದೋಣಿ ಬಿಟ್ಟ ಆ ಮನುಷ್ಯ ಎರಡು ವರ್ಷದ ನಂತರ, ತಕ್ಕ ಉಕ್ಕಿನ ದೋಣಿ ಕಟ್ಟಿಸಿಕೊಂಡು, ತಕ್ಕ ಅನುಭವ ಸಂಪಾದಿಸಿಕೊಂಡು ಮತ್ತೆ ಹೊರಟರು. ಈ ಸಲ ಗಾಳಿಗೂ ಅಲೆಗೂ ಎದುರಾಗಿ, ಪೂರ್ವದಿಂದ ಪಶ್ಚಿಮಕ್ಕೆ. 1971ರಲ್ಲಿ ನಿಲ್ಲದೆ ಒಬ್ಬರೇ ಹಾಗೆ ಸುತ್ತಿ ಬಂದ ಮೊದಲಿಗರಾದರು. 1968ರಲ್ಲಿ ಹಿಂದೆ ಸರಿಯದಿದ್ದರೆ ಈ ಯಾನವೇ ಇರುತ್ತಿರಲಿಲ್ಲ. ಹಿಂದಿರುಗುವುದು ಹೇಡಿತನವೆಂದು ಒಳಗೊಳಗೆ ನಂಬಿರುವ ಸಮಾಜಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಈಗ ದುಡ್ಡಿನ ಪ್ರಶ್ನೆಗೆ ಬರೋಣ. ಟೀಕಿಸುವವರ ಅತ್ಯಂತ ಬಲವಾದ ವಾದ ಇದು ಎಂದು ಭಾವಿಸಲಾಗಿದೆ. ನನಗೆ ಇದೇ ಅತ್ಯಂತ ದುರ್ಬಲವಾಗಿ ಕಾಣುತ್ತದೆ.

1997ರ ಜನವರಿಯಲ್ಲಿ, ಒಬ್ಬರೇ ನಿಲ್ಲದೆ ಭೂಮಿ ಸುತ್ತುವ ವಾಂದೇ ಗ್ಲೋಬ್ ಸ್ಪರ್ಧೆಯಲ್ಲಿದ್ದ 57 ವರ್ಷದ ಟೋನಿ ಬುಲಿಮೋರ್ ಅವರ ದೋಣಿ ದಕ್ಷಿಣ ಮಹಾಸಾಗರದಲ್ಲಿ ತಲೆಕೆಳಗಾಯಿತು. ಆಸ್ಟ್ರೇಲಿಯಾದ ದಡದಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ. ಮಗುಚಿದ ಒಡಲಿನೊಳಗೆ, ಕತ್ತಲಲ್ಲಿ, ಹಿಮದಂಥ ನೀರಿನ ಮೇಲೆ ನಾಲ್ಕು ದಿನ ಬದುಕಿದ್ದರು. ಆಸ್ಟ್ರೇಲಿಯಾ ತನ್ನ ಯುದ್ಧನೌಕೆ ‘ಅಡಿಲೇಡ್’ ಅನ್ನು ಕಳಿಸಿತು. ಅದು ಅವರನ್ನೂ, ಅದೇ ಸ್ಪರ್ಧೆಯ ತಿಯೆರಿ ದ್ಯುಬ್ವಾ ಅವರನ್ನೂ ಎತ್ತಿ ತಂದಿತು. ಅವರು ಕೈಯಾರೆ ತಂದುಕೊಂಡ ಆಪತ್ತಿಗೆ ನಾವು ಯಾಕೆ ತೆರಿಗೆ ಹಣ ಸುರಿಯಬೇಕು ಎಂಬ ಪ್ರಶ್ನೆ ಅಲ್ಲಿ ಜೋರಾಗಿಯೇ ಎದ್ದಿತು. ಪ್ರಶ್ನೆ ಸಹಜ. ರಕ್ಷಣೆಗೆ ಹೋದವರ ಜೀವವೂ ಜೀವವೇ ಎಂಬ ಮಾತಂತೂ ಅಲ್ಲಗಳೆಯುವಂಥದ್ದಲ್ಲ.

ಆದರೆ ಕಡಲಿನ ಕಾನೂನು ಬಹಳ ಯೋಚಿಸಿ ಬರೆದದ್ದು. ಕಡಲಿನಲ್ಲಿ ಹುಡುಕಾಟ ಮತ್ತು ರಕ್ಷಣೆಯ ಬಗ್ಗೆ 1979ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಆಪತ್ತಿನಲ್ಲಿರುವವರು ಯಾವ ದೇಶದವರು, ಯಾವ ಸ್ಥಾನಮಾನದವರು, ಯಾವ ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡರು ಎಂಬುದನ್ನು ನೋಡದೆ ನೆರವು ಕೊಡಬೇಕು. ಅಂದರೆ ಯಾಕೆ ಹೋದೆ ಎಂಬ ಪ್ರಶ್ನೆಯನ್ನು ಕಾನೂನು ಉದ್ದೇಶಪೂರ್ವಕವಾಗಿ ಹೊರಗಿಟ್ಟಿದೆ. ಆ ಪ್ರಶ್ನೆಯನ್ನು ಒಮ್ಮೆ ಒಳಗೆ ಬಿಟ್ಟರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ, ನೋಡಿ. ಇವತ್ತು ಶ್ರೀಮಂತ ವಿಹಾರಿಯನ್ನು ಕೇಳುತ್ತೇವೆ. ನಾಳೆ ಮಳೆಗಾಲದಲ್ಲಿ ಅಳಿವೆ ಬಾಗಿಲು ದಾಟುವ ನಾಡದೋಣಿಯವರನ್ನು, ಹವಾಮಾನದ ಎಚ್ಚರಿಕೆ ಇದ್ದೂ ಯಾಕೆ ಹೋದಿರಿ ಎಂದು ಕೇಳುತ್ತೇವೆ. ನಾಡಿದ್ದು ಯುದ್ಧದಿಂದ ತಪ್ಪಿಸಿಕೊಂಡು ರಬ್ಬರ್ ದೋಣಿ ಹತ್ತಿದ ನಿರಾಶ್ರಿತರನ್ನು ಕೇಳುತ್ತೇವೆ. ಕೊನೆಗೆ ಯಾರನ್ನು ಉಳಿಸಬೇಕು ಎಂಬ ತೀರ್ಮಾನ ಕಚೇರಿಯೊಂದರಲ್ಲಿ ಕುಳಿತವರ ಕೈಗೆ ಹೋಗುತ್ತದೆ. ಸಾಹಸಿಗರ ರಕ್ಷಣೆಗೆ ಖರ್ಚಾಗುವ ಹಣ ಈ ಬಾಗಿಲನ್ನು ಮುಚ್ಚಿಡಲು ಕೊಡುವ ಬೆಲೆ. ನನ್ನ ಮಟ್ಟಿಗೆ ಅದು ಹೆಚ್ಚೇನಲ್ಲ.

ಕರಾವಳಿಯವರಿಗೆ 2018 ಮರೆಯುವ ವರ್ಷವಲ್ಲ. ಆ ವರ್ಷ ಸೆಪ್ಟೆಂಬರ್ 21ರಂದು, ಗೋಲ್ಡನ್ ಗ್ಲೋಬ್‌ನ ನೆನಪಿಗಾಗಿ ಮತ್ತೆ ನಡೆದ ಸ್ಪರ್ಧೆಯಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಅವರ ‘ತುರೀಯ’ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಉರುಳಿ, ಹಾಯಿಕಂಬ ಮುರಿಯಿತು, ಅವರ ಬೆನ್ನುಮೂಳೆ ಜಖಂ ಆಯಿತು. ಎದ್ದು ಕೂರಲೂ ಆಗದೆ ಮಲಗಿದಲ್ಲಿಂದಲೇ ಸಂದೇಶ ಕಳಿಸಿದರು. ನಮ್ಮ ನೌಕಾಪಡೆಯ ವಿಮಾನ ಮಾರಿಷಸ್‌ನಿಂದ ಹಾರಿ ದೋಣಿಯನ್ನು ಗುರುತಿಸಿತು; ಮೂರನೆಯ ದಿನ ‘ಒಸಿರಿಸ್’ ಎಂಬ ಫ್ರೆಂಚ್ ಮೀನುಗಾರಿಕಾ ಗಸ್ತು ಹಡಗು ಅವರನ್ನು ಎತ್ತಿಕೊಂಡಿತು. ಅದೇ ಬಿರುಗಾಳಿಯಲ್ಲಿ ತಮ್ಮ ಹಾಯಿಕಂಬವನ್ನೂ ಕಳೆದುಕೊಂಡಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್, ಸಿಕ್ಕಿದ ಕೋಲು ಕಟ್ಟಿ ತುಂಡು ಹಾಯಿ ಏರಿಸಿಕೊಂಡು ಅಭಿಲಾಷ್ ಇದ್ದ ಕಡೆಗೇ ದೋಣಿ ತಿರುಗಿಸಿದ್ದರು. ಇದಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ 13ರಂದು ಮಲ್ಪೆಯಿಂದ ಮೀನುಗಾರಿಕೆಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅದು ಎಲ್ಲಿದೆಯೆಂಬುದೇ ತಿಳಿಯದೆ ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದು ಕೇಳಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆ ಮಾಡಿತು. ಏಳು ಜನರಲ್ಲಿ ಯಾರೂ ಮರಳಲಿಲ್ಲ.

ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು, ಸಾಹಸಿಗನಿಗೆ ಒಂದು ನ್ಯಾಯ, ಹೊಟ್ಟೆಪಾಡಿನವನಿಗೆ ಇನ್ನೊಂದು ನ್ಯಾಯ ಎಂದು ಕೇಳುವವರಿದ್ದಾರೆ. ಅವರ ನೋವನ್ನು ನಾನು ಗೌರವಿಸುತ್ತೇನೆ. ಆದರೆ ಅದರಿಂದ ಅವರು ತಲುಪುವ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಅಭಿಲಾಷ್ ಬೇಗ ಸಿಕ್ಕದ್ದು ಅವರು ಗಣ್ಯರೆಂದಲ್ಲ. ಎಲ್ಲಿದ್ದಾರೆಂಬುದನ್ನು ಉಪಗ್ರಹದ ಮೂಲಕ ತಿಳಿಸುವ ಉಪಕರಣ ಅವರ ದೋಣಿಯಲ್ಲಿತ್ತು, ಸ್ಪರ್ಧೆಯ ನಿಯಮವೇ ಅದನ್ನು ಕಡ್ಡಾಯ ಮಾಡಿತ್ತು. ಸಾಹಸಿಗರಿಗೆ ಕೊಡುವುದನ್ನು ಕಡಿಮೆ ಮಾಡಿದರೆ ಮಲ್ಪೆಯ ತಂಡೇಲರಿಗೆ ಏನೂ ಹೆಚ್ಚು ಸಿಗುವುದಿಲ್ಲ. ಆ ಉಪಕರಣ ಪ್ರತಿ ಬೋಟಿಗೂ ಬರಬೇಕು, ಸಿಕ್ಕಿದ ಸಂಕೇತಕ್ಕೆ ಓಗೊಡುವ ವ್ಯವಸ್ಥೆ ಅಷ್ಟೇ ಚುರುಕಾಗಿರಬೇಕು ಎಂದು ಹಟ ಹಿಡಿಯುವುದು ಸರಿಯಾದ ದಾರಿ.

ಕಡಲಿಗಿಳಿದವರು ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲರು. 1996ರ ಕ್ರಿಸ್‌ಮಸ್ ದಿನ, ಅದೇ ವಾಂದೇ ಗ್ಲೋಬ್ ಸ್ಪರ್ಧೆಯಲ್ಲಿ ರಫಾಯೆಲ್ ದಿನೆಲ್ಲಿ ಎಂಬ ಫ್ರೆಂಚ್ ನಾವಿಕರ ದೋಣಿ ಮುಳುಗತೊಡಗಿತು. ಅರ್ಹತಾ ಯಾನವನ್ನು ಪೂರೈಸದ ಕಾರಣ ದಿನೆಲ್ಲಿ ಆ ಸ್ಪರ್ಧೆಯಲ್ಲಿ ಅಧಿಕೃತ ಸ್ಪರ್ಧಿಯೇ ಆಗಿರಲಿಲ್ಲ. ಮುಂದೆ ಸಾಗಿದ್ದ ಇಂಗ್ಲೆಂಡಿನ ಪೀಟ್ ಗಾಸ್ ಸ್ಪರ್ಧೆಯ ಆಸೆ ಬಿಟ್ಟು, ಬಿರುಗಾಳಿಗೆ ಎದುರಾಗಿ ಎರಡು ದಿನ ಹಿಂದಕ್ಕೆ ಸಾಗಿ ಅವರನ್ನು ಹುಡುಕಿ ತಂದರು. ಅರ್ಹತೆಯಿಲ್ಲದೆ ಯಾಕೆ ಬಂದೆ ಎಂದು ಕೇಳಲು ಯಾರಿಗಾದರೂ ಹಕ್ಕಿದ್ದರೆ ಗಾಸ್ ಅವರಿಗಿತ್ತು. 2022ರ ನವೆಂಬರ್‌ನಲ್ಲಿ, ಮತ್ತೆ ನಡೆದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಷೆಫರ್ ಇದೇ ರೀತಿ ದಾರಿ ಬದಲಿಸಿ, ದೋಣಿ ಮುಳುಗಿ ತೆಪ್ಪದಲ್ಲಿದ್ದ ಫಿನ್ಲೆಂಡಿನ ಟಾಪಿಯೊ ಲೆಹ್ಟಿನೆನ್ ಅವರನ್ನು ಉಳಿಸಿದರು. ಆ ಸ್ಪರ್ಧೆಯನ್ನು ಗೆದ್ದವರೂ ಅವರೇ. ಎರಡನೆಯವರಾಗಿ ಬಂದವರು ಅಭಿಲಾಷ್ ಟಾಮಿ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ನಂತರ.

ಹಾಗಾದರೆ ಟೀಕೆಗೆ ಜಾಗವೆಲ್ಲಿ? ಬಂದರಿನಲ್ಲಿ. ಅಲ್ಲಿ ನಾವು ಈಗ ಕೇಳುತ್ತಿರುವುದಕ್ಕಿಂತ ಹತ್ತು ಪಟ್ಟು ಹೆಚ್ಚು ಕೇಳಬೇಕು. ಯಾವ ಋತುವಿನಲ್ಲಿ ಹೊರಡುತ್ತಿದ್ದೀರಿ? ಈ ದೋಣಿಯಲ್ಲಿ ಎಷ್ಟು ದೂರ ಸಾಗಿ ನೋಡಿದ್ದೀರಿ? ನಿಂತುಬಿಟ್ಟರೆ ನಿಮ್ಮ ಮನೆ ಮಾರಬೇಕಾಗುತ್ತದೆಯೇ? ಈ ಕೊನೆಯದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಹಿಂದಿರುಗುವ ದಾರಿಯನ್ನು ಸಾಲದಿಂದಲೋ ಪ್ರಚಾರದಿಂದಲೋ ಮುಚ್ಚಿಕೊಂಡು ಹೊರಟವನನ್ನು ದುಡುಕಿನವನು ಅನ್ನಬೇಕು, ಅವನು ದಾಖಲೆ ಮಾಡಿ ಬಂದರೂ ಸರಿಯೆ.

ಕೇಳಿದರೆ ಫಲವಿದೆ. 2018ರ ಗೋಲ್ಡನ್ ಗ್ಲೋಬ್‌ನಲ್ಲಿ ಸ್ಪರ್ಧಿಗಳಿಗೆ ಕನಿಷ್ಠ 8,000 ಮೈಲಿ ಸಾಗರಯಾನದ ಅನುಭವ, ಅದರ ಮೇಲೆ 2,000 ಮೈಲಿ ಏಕಾಂಗಿ ಯಾನ ಇರಲೇಬೇಕಿತ್ತು. ಹೊರಟ 18 ಜನರಲ್ಲಿ ದಡ ಮುಟ್ಟಿದವರು ಐವರೇ ಆದರೂ ಯಾರ ಜೀವವೂ ಹೋಗಲಿಲ್ಲ. ನೆದರ್ಲೆಂಡ್ಸ್‌ನ ಲಾರಾ ಡೆಕ್ಕರ್ 13ನೆಯ ವಯಸ್ಸಿನಲ್ಲಿ ಒಬ್ಬಳೇ ಭೂಮಿ ಸುತ್ತುತ್ತೇನೆಂದು 2009ರಲ್ಲಿ ಹೊರಟಾಗ ಅಲ್ಲಿನ ನ್ಯಾಯಾಲಯ ತಡೆಯಿತು. ಆಕೆಗೆ ಅದು ಕಿರುಕುಳವಾಗಿಯೇ ಕಂಡಿತು. ಆದರೆ ಮುಂದಿನ ವರ್ಷ ಅನುಮತಿ ಸಿಕ್ಕಾಗ ಆಕೆಯ ಬಳಿ ಇನ್ನೂ ದೊಡ್ಡ, ಗಟ್ಟಿ ದೋಣಿಯಿತ್ತು, ಪ್ರಥಮ ಚಿಕಿತ್ಸೆಯ ಕಲಿಕೆಯಿತ್ತು. 2012ರ ಜನವರಿಯಲ್ಲಿ ಯಾನ ಮುಗಿಸಿದಳು. ಅಮೆರಿಕದಲ್ಲಿ ಕೋಸ್ಟ್ ಗಾರ್ಡ್‌ಗೆ, ಒಂದು ಯಾನ ಕಣ್ಣಿಗೆ ಕಾಣುವಂತೆ ಅಪಾಯಕಾರಿಯಾಗಿದ್ದರೆ ಅದನ್ನು ನಿಲ್ಲಿಸುವ ಅಧಿಕಾರವೇ ಇದೆ. ಗುಳ್ಳೆಯಂಥ ಚಕ್ರದೊಳಗೆ ಓಡುತ್ತ ಅಟ್ಲಾಂಟಿಕ್ ದಾಟಲು ಹೊರಟ ರೇಜಾ ಬಲೂಚಿಯವರನ್ನು ಅವರು ಒಂದಲ್ಲ, ಹಲವು ಬಾರಿ ತಡೆದರು. ಇಂಥ ತಡೆ ಸಾಹಸದ ಕತ್ತು ಹಿಸುಕುತ್ತದೆ ಅನ್ನುವ ಭಯ ನನಗಿಲ್ಲ. ಗಟ್ಟಿಯಾದ ಸಂಕಲ್ಪ ಒಂದು ವರ್ಷ ಕಾಯಬಲ್ಲದು.

ನಮ್ಮ ದೇಶದ್ದೇ ಉದಾಹರಣೆ ಬೇಕಿದ್ದರೆ ‘ತಾರಿಣಿ’ ಹಾಯಿದೋಣಿಯನ್ನು ನೋಡಬಹುದು. 2017ರ ಸೆಪ್ಟೆಂಬರ್ 10ರಂದು ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು, ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ, 2018ರ ಮೇ 21ರಂದು ಅಲ್ಲಿಗೇ ಮರಳಿದರು. ನಮ್ಮ ಕಾರವಾರದಿಂದ ಕೆಲವೇ ಗಂಟೆ ದೂರದ ಗೋವಾದ ದಿವಾಡಿ ದ್ವೀಪದ ಕಾರ್ಖಾನೆಯಲ್ಲಿ ತಯಾರಾದ ದೋಣಿ ಅದು. ಯಾನಕ್ಕೂ ಮೊದಲು ಈ ಅಧಿಕಾರಿಗಳು, 2010ರಲ್ಲಿ ಒಬ್ಬರೇ ಭೂಮಿ ಸುತ್ತಿಬಂದ ಮೊದಲ ಭಾರತೀಯ ದಿಲೀಪ್ ದೋಂಡೆ ಅವರ ಕೈಕೆಳಗೆ ತರಬೇತಿ ಪಡೆದು, ಮಾರಿಷಸ್, ಕೇಪ್‌ಟೌನ್‌ವರೆಗೆ ಅಭ್ಯಾಸ ಯಾನ ಮಾಡಿದ್ದರು. ಮನೆ ಇನ್ನೇನು ಹತ್ತಿರ ಬಂತು ಅನ್ನುವ ಹೊತ್ತಿಗೆ ಚುಕ್ಕಾಣಿ ವ್ಯವಸ್ಥೆ ಕೆಟ್ಟಿತು. ವೇಳಾಪಟ್ಟಿಯಲ್ಲಿಲ್ಲದ ಮಾರಿಷಸ್‌ಗೆ ದೋಣಿ ತಿರುಗಿಸಿ, ರಿಪೇರಿ ಮಾಡಿಸಿಕೊಂಡು ಬಂದರು. ಆಗ ಬಂದ ವರದಿಗಳಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿದ್ದಕ್ಕೆ ದೊಡ್ಡ ಜಾಗ ಸಿಕ್ಕಿತು. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಆ ಮಾರಿಷಸ್ ನಿಲುಗಡೆ.

ಮೆಚ್ಚುಗೆ ಬೇಡವೆಂದು ನಾನು ಹೇಳುತ್ತಿಲ್ಲ. ಬುಲಿಮೋರ್ ಆ ಕತ್ತಲಲ್ಲಿ ತೋರಿದ ಸಹನೆ, ಮೆಕ್‌ಗಕಿನ್ ಮುರಿದ ದೋಣಿಯಲ್ಲಿ ಇನ್ನೊಬ್ಬರ ಕಡೆಗೆ ಸಾಗಿದ್ದು ಮನುಷ್ಯ ಎಷ್ಟು ದೊಡ್ಡವನಾಗಬಲ್ಲ ಎಂಬುದಕ್ಕೆ ಸಾಕ್ಷಿ. ಇಂಥ ಸಾಕ್ಷಿ ಬೇಡವೆನ್ನುವ ಸಮಾಜ ಬಡವಾಗುತ್ತದೆ. ನಮ್ಮ ಮಕ್ಕಳು ಈ ಕಥೆಗಳನ್ನು ಓದಲಿ, ಸಾಧ್ಯವಾದವರು ಕಾರವಾರದಲ್ಲೋ ಮಂಗಳೂರಿನಲ್ಲೋ ಹಾಯಿ ಹಿಡಿಯುವುದನ್ನೂ ಕಲಿಯಲಿ. ಆದರೆ ಗೆದ್ದವರ ಕಥೆಯನ್ನು ಮಾತ್ರ ಓದಿ ಬೆಳೆದ ಹುಡುಗನಿಗೆ, ನಡುಗಡಲಲ್ಲಿ ನೀರು ಸೋರುವಾಗ ಯಾವ ಮಾತು ನೆನಪಾಗುತ್ತದೆ ಎಂಬುದನ್ನು ಯೋಚಿಸಬೇಕು. ಅವನಿಗೆ ಬ್ಲೈತ್ ನೆನಪಾಗಬೇಕಾದರೆ ಬ್ಲೈತ್ ಬಗ್ಗೆ ನಾವು ಹೇಳಿರಬೇಕು.

ಪತ್ರಿಕೆಯವರಲ್ಲಿ, ಸಂಘಸಂಸ್ಥೆಗಳವರಲ್ಲಿ, ಹಣ ಹಾಕುವವರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಬಾರಿ ಯಾರಾದರೂ ಒಬ್ಬರೇ ಕಡಲಿಗೆ ಹೊರಡುತ್ತೇನೆಂದು ನಿಮ್ಮ ಮುಂದೆ ಬಂದರೆ, ಕ್ಯಾಮೆರಾ ತೆಗೆಯುವ ಮೊದಲು ದೋಣಿಯನ್ನು ಬಲ್ಲವರಿಂದ ನೋಡಿಸಿ. ನಡುವೆ ಬಿಟ್ಟು ಬಂದರೆ ಒಂದು ಪೈಸೆಯನ್ನೂ ಕೇಳುವುದಿಲ್ಲವೆಂದು ಕರಾರಿನಲ್ಲೇ ಬರೆದುಕೊಡಿ. ಮತ್ತು ಅವರು ಅರ್ಧ ದಾರಿಯಿಂದ ಹಿಂದಿರುಗಿದ ದಿನ ಬಂದರಿಗೆ ಹೋಗಿ ಹಾರ ಹಾಕಿ ಕರೆತನ್ನಿ.